ಉಜ್ವಲಾಳ ಖಣ

ದಿಗ್ಗೇವಾಡಿ
೧೨ ಫೆಬ್ರವರಿ ೨೦೦೯

ನನ್ನ ಸಿಟ್ಟಿನ ಮಗಳು ಉಜ್ವಲಾಗೆ, ನಿನ್ನ ಅವ್ವ ಅಕ್ಕುತಾಯಿಯ ಆಶೀರ್ವಾದ.

ಮೊಮ್ಮಗ ಶುಭಮ ಹೇಗಿದ್ದಾನೆ? ನೀನು ಹೇಗಿದ್ದೀಯೆಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವವಳಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ. ಅದಕ್ಕೇ ನಿನ್ನ ತಮ್ಮನ ಹೆಂಡತಿ ನೀಲಮಳನ್ನು ಎದುರಿಗೆ ಕೂರಿಸಿಕೊಂಡಿದ್ದೇನೆ. ಮಾತು ನನ್ನದು, ಅಕ್ಷರ ಅವಳದು. ಅರ್ಧಕ್ಕೇ ಹರಿಯಬೇಡ, ಪೂರ್ತಿ ಓದು.

ಮನೆ ಬೆಳೆಸಲೆಂದು ಹಿಂದಿನ ಗೋಡೆ ಕೆಡವಿದ್ದಾಯಿತು. ಎಲ್ಲರೂ ಪಡಸಾಲೆಯಲ್ಲೇ ಮಲಗುತ್ತೇವೆ. ರೊಟ್ಟಿಯ ಮೇಲೂ ಸಿಮೆಂಟಿನ ಧೂಳು, ಎಮ್ಮೆಯ ಮೈಮೇಲೂ ಸಿಮೆಂಟಿನ ಧೂಳು. ಎಮ್ಮೆ ಕೊಡವಿಕೊಳ್ಳುತ್ತದೆ, ನಾವು ತಿನ್ನುತ್ತೇವೆ.

ಪಾಯಾ ಪೂಜೆಯ ದಿನದ್ದು ನಿನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ, ಬಲ್ಲೆ. ಗಂಡನ ಏಟು ಸಾಕು, ಇನ್ನು ಅಲ್ಲಿಗೆ ಹೋಗುವುದಿಲ್ಲ, ಹೊಸದಾಗಿ ಕಟ್ಟುವುದರಲ್ಲಿ ನನಗೂ ಮಗನಿಗೂ ಜಾಗ ಕೊಡಿ ಎಂದು ನೀನು ಅಪ್ಪನನ್ನು ಕೇಳಿದೆ. ಲಕ್ವಾ ಹೊಡೆದ ಮೇಲೆ ಅವರ ಬಾಯಿಂದ ಒಂದು ಮಾತು ಹೊರಡಲು ಎಷ್ಟು ತ್ರಾಸು! ನೀನು ಹೊರಗೆ ಹೋದ ಮೇಲೆ ನನ್ನನ್ನು ಕರೆದು, “ಉಜ್ವಲಾಗ... ಒಂದ ಖಣ... ಕೊಡು” ಎಂದರು. ನಾನು ಟ್ರಂಕಿನಿಂದ ಕೆಂಪು ಕುಬಸದ ಖಣ ತೆಗೆದು, ತೆಂಗಿನಕಾಯಿ ಇಟ್ಟು ನಿನ್ನ ಉಡಿ ತುಂಬಿದೆ. “ಅಪ್ಪ ಕೊಡಂದಾರ” ಎಂದೂ ಅಂದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವುದೂ ಅದನ್ನೇ. ಅಪ್ಪ ಹೋಗು ಅಂದರೆಂದೇ ತಿಳಿದು ನೀನು ಊಟಕ್ಕೂ ನಿಲ್ಲದೆ ಮಗನನ್ನು ಎತ್ತಿಕೊಂಡು ಗಂಡನನ್ನು ಬಿಟ್ಟ ಮೇಲೆ ನಿಪ್ಪಾಣಿಯಲ್ಲಿ ಹಿಡಿದಿದ್ದ ಬಾಡಿಗೆ ಖೋಲಿಗೆ ಹೊರಟುಹೋದೆ.

ಅಮಾವಾಸ್ಯೆಯ ರಜೆ ಮುಗಿಸಿ ಕೆಲಸದವರು ಬಂದ ದಿನ ಏನಾಯಿತು ಕೇಳು. ಗೌಂಡಿ ಭಾವುಸಾಹೇಬ ಕಾಲಂ ಎಬ್ಬಿಸಿ, ಮೇಲಿನ ಬೀಮಿಗೆ ಕಬ್ಬಿಣದ ಸಳಿ ಕಟ್ಟಿಸುತ್ತಿದ್ದ. ನಿನ್ನ ಅಪ್ಪ ಕೋಲೂರಿಕೊಂಡು ಬಂದರು. ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಕೊನೆಯ ಕಾಲಮ್ಮಿನ ಆಚೆ ಬರಿ ನೆಲದ ಮೇಲೆ ಕೂತುಬಿಟ್ಟರು. ಎಬ್ಬಿಸಿದರೆ ಏಳಲೊಲ್ಲರು.

“ಉಜ್ವಲಾನ ಖಣ ಎಲ್ಲೈತಿ?” ಎಂದರು.

“ಅವತ್ತ ಕೊಟ್ಟಾಳಲ್ಲಪ್ಪಾ ಅವ್ವ” ಎಂದ ನಿನ್ನ ತಮ್ಮ ರಾಜಾರಾಮ.

ಅವರು ಕಾಲಮ್ಮಿಗೆ ಕೋಲಿನಿಂದ ಬಡಿದರು, ತಾವು ಕೂತ ನೆಲಕ್ಕೆ ಬಡಿದರು. “ಅರಿವಿ ಅಲ್ಲೋ... ಮನಿ ಖಣ!”

ಕುಬಸದ ಬಟ್ಟೆಗೂ ಖಣ, ಎರಡು ಕಂಬಗಳ ನಡುವಿನ ಜಾಗಕ್ಕೂ ಖಣ. ನಮ್ಮ ಮಾತಿಗೆ ಏನೆನ್ನಲಿ! ಭಾವುಸಾಹೇಬ ಹಣೆ ಬಡಿದುಕೊಂಡು ನಕ್ಕ. ನಿನ್ನ ಅಪ್ಪ ಅಳುತ್ತಿದ್ದರು. ಅವರು ನಿನ್ನನ್ನು ಕಳಿಸಿಯೇ ಇರಲಿಲ್ಲ, ಮಗಳೇ. ಇರು ಅಂದಿದ್ದರು. ದಡ್ಡಿ ಅವ್ವನಿಗೆ ತಿಳಿಯಲಿಲ್ಲ, ಇಷ್ಟೇ.

ಸಳಿ ಕಟ್ಟುವುದನ್ನು ನಿಲ್ಲಿಸಿ, ಅಪ್ಪ ಕೂತಿದ್ದಲ್ಲೇ ಪಾಯಾ ಅಗೆದು ಇನ್ನೆರಡು ಕಾಲಂ ಎಬ್ಬಿಸಿದ್ದಾರೆ. ಅವು ಗಟ್ಟಿಯಾದ ಮೇಲೆ ಎಲ್ಲಕ್ಕೂ ಸೇರಿಸಿ ಬೀಮು, ಆಮೇಲೆ ಸ್ಲ್ಯಾಬು. ಗೋಣಿತಟ್ಟು ಸುತ್ತಿ ನೀರು ಹಾಕುತ್ತಿದ್ದೇವೆ. ಬಾಗಿಲು ಎತ್ತ ಇಡಬೇಕು, ಕಿಟಕಿ ಎಷ್ಟು ಎತ್ತರ ಬೇಕು, ನೀನೇ ಬಂದು ಹೇಳು. ಊರಿನವರು ಏನಾದರೂ ಅಂದುಕೊಳ್ಳಲಿ. ಮಂದಿಯ ಬಾಯಿಗೆ ಸೆಂಟ್ರಿಂಗ್ ಹಲಗೆ ಬಡಿಯಲಾಗುತ್ತದೆಯೇ? ನಿನ್ನನ್ನು ನೋಡದೆ ನನಗೆ ತುತ್ತು ಇಳಿಯುತ್ತಿಲ್ಲ.

ನಿನ್ನ ದಾರಿ ಕಾಯುತ್ತಿರುವ
ಅವ್ವ

ತಾ.ಕ.: ಅಕ್ಕಾ, ಇದು ನಾನು, ನೀಲಮ. ಇಷ್ಟನ್ನು ಅತ್ತೆಗೆ ಓದಿ ಹೇಳಿಲ್ಲ. ಅತ್ತೆ ದಡ್ಡಿಯಲ್ಲ. ಅವತ್ತು ಟ್ರಂಕು ತೆಗೆಯುವಾಗ ನಾನು ಪಕ್ಕದಲ್ಲೇ ಇದ್ದೆ. “ಮಾವ ಅಂದಿದ್ದು ಮನಿ ಖಣ ಅಲ್ಲೇನ್ರಿ?” ಎಂದು ಕೇಳಿದೆ. “ಗೊತ್ತೈತಿ, ಸುಮ್ಕಿರು. ಮಗಳು ಗಂಡನ ಮನ್ಯಾಗ ಇದ್ದರ ನಾಕ ಮಂದ್ಯಾಗ ಚಂದ” ಎಂದರು. ಆದರೆ ಮಾವ ನೆಲದ ಮೇಲೆ ಕೂತು ಅತ್ತಾಗ ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದವರು ಅತ್ತೆಯೇ. ನಿಮ್ಮ ಕಾಲಂಗಳಿಗೆ ನೀರು ಹಾಕಲು ನಮ್ಮನ್ನು ಹತ್ತಿರ ಬಿಡುವುದಿಲ್ಲ. ಒದ್ದೆ ಗೋಣಿತಟ್ಟಿಗೆ ಕೈಯಿಟ್ಟುಕೊಂಡು, ಯಾರೂ ಇಲ್ಲವೆಂದುಕೊಂಡು ಅನ್ನುತ್ತಾರೆ: “ತಪ್ಪಾತವ್ವಾ ಉಜ್ವಲಾ. ಮನಿಗಿ ಬಾ.”