ಹೆಸರಿನ ಮುಂದೆ ಒಂದಕ್ಷರ

ಗುಂಡ್ಲುಪೇಟೆ
ಮಂಗಳವಾರ

ಚಾಮರಾಜನಗರದ ಕಲ್ಲು ಕೆತ್ತುವ ನೂರುಲ್ಲಾ ಅವರಿಗೆ ನಮಸ್ಕಾರ.

ನಮ್ಮ ಯಜಮಾನರ ಸಮಾಧಿಯ ಕಲ್ಲಿಗೆ ಬ್ಯಾಪ್ಟಿಸ್ಟ್ ಸಭೆಯವರು 'ಪಾಸ್ಟರ್ ಜಯಶೀಲ' ಎಂದಷ್ಟೇ ಬರೆದುಕೊಟ್ಟಿದ್ದಾರೆ. ದಯವಿಟ್ಟು ಅದರ ಮುಂದೆ 'ಡಾ.' ಸೇರಿಸಿ.

ಅದು ಓದಿ ಪಡೆದದ್ದಲ್ಲ. ಕೊಯಮತ್ತೂರಿನ ಹೋಟೆಲೊಂದರಲ್ಲಿ ಯಾರೋ ಕೊಟ್ಟ ಗೌರವ ಡಾಕ್ಟರೇಟ್. ಇವರು ಊರಿಗೆ ಬಂದವರೇ ಚರ್ಚಿನ ಬೋರ್ಡಿನಲ್ಲಿ ತಮ್ಮ ಹೆಸರಿನ ಮುಂದೆ ಅದನ್ನು ಬರೆಸಿದರು. ಮನೆಗೆ ಬಂದು ಪದವಿಯ ಗೌನು ಬಿಚ್ಚದೆ ಊಟಕ್ಕೆ ಕೂತರು.

"ಡಾಕ್ಟ್ರೇ, ಗೌನ್ ಮ್ಯಾಲೆ ಸಾರು ಚೆಲ್ಕಂಡೀರಿ" ಎಂದು ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಮಾರನೆಯ ಬೆಳಿಗ್ಗೆ ಏಣಿ ಹತ್ತಿ, ಬೋರ್ಡಿನ ಆ ಅಕ್ಷರಕ್ಕೆ ತಾವೇ ಬಿಳಿ ಬಣ್ಣ ಬಳಿದರು. ಆಮೇಲೆ ನಾನೂ ಹಾಗೆ ಕರೆಯಲಿಲ್ಲ.

ಸ್ವಲ್ಪ ಆಳವಾಗಿಯೇ ಕೆತ್ತಿ. ಬಣ್ಣ ಬಳಿದರೂ ಮುಚ್ಚಿಹೋಗದಷ್ಟು.

ಅವರ ಹೆಂಡತಿ,
ಕೃಪಾಮಣಿ