ಹಳದಿ ಟೋಪಿಯ ಎರಡು ಕೂಸು

ನಿರ್ದೇಶಕರಿಗೆ ನಮಸ್ಕಾರ.

ನಿಮ್ಮ ಬ್ಯಾಂಕ್ ದರೋಡೆ ಸಿನಿಮಾದಲ್ಲಿ ಕಳ್ಳರು ಹಣದ ಗಂಟನ್ನು ಒಂದು ಮಗುವಿನ ಗಾಡಿಯಲ್ಲಿ ಬಚ್ಚಿಡುತ್ತಾರಲ್ಲ, ಆ ಮಗುವಿನ ತಾಯಿ ನಾನು. ತಾಯಂದಿರಲ್ಲಿ ಒಬ್ಬಳು ಅನ್ನಬೇಕೇನೋ. ಒಂದು ಅತ್ತರೆ ಇನ್ನೊಂದು ಇರಲಿ ಎಂದು ನೀವು ಎರಡು ತಿಂಗಳ ಎರಡು ಕೂಸುಗಳನ್ನು ಕರೆಸಿದ್ದಿರಿ. ಎರಡಕ್ಕೂ ಒಂದೇ ಥರದ ಹಳದಿ ಟೋಪಿ.

ನಿನ್ನೆ ಸಿನಿಮಾ ನೋಡಿದೆ. ಕೊನೆಯಲ್ಲಿ ಪತ್ತೇದಾರ ಎತ್ತಿಕೊಂಡ ಮಗುವಿನ ಕಿವಿಯ ಹಿಂದೆ ಮಚ್ಚೆಯಿತ್ತು. ನನ್ನ ಮಗಳಿಗೂ ಹುಟ್ಟಿದಾಗ ಅಲ್ಲೇ ಮಚ್ಚೆ ಇತ್ತೆಂದು ನನ್ನ ನೆನಪು. ಮನೆಗೆ ಬಂದು ನೋಡಿದರೆ ಇವಳಿಗಿಲ್ಲ.

ಯಜಮಾನರು ನಕ್ಕರು. "ಹತ್ತು ತಿಂಗಳಿಂದ ನೆಟ್ಟಗೆ ನಿದ್ದೆ ಇಲ್ಲ ನಿಂಗೆ. ಮೊನ್ನೆ ನನ್ನನ್ನೇ ಯಾರು ಅಂದ್ಯಲ್ಲೇ!"

ಅತ್ತೆ ಮಾತ್ರ ನಗಲಿಲ್ಲ. "ಮಚ್ಚೆ ಇದ್ದದ್ದು ಎಡಗಿವೀಗೋ ಬಲಗಿವೀಗೋ?" ಎಂದರು. ನನಗೆ ಅದೂ ನೆನಪಿಲ್ಲ.

ದಯವಿಟ್ಟು ಆ ದೃಶ್ಯದಲ್ಲಿದ್ದದ್ದು ಯಾರ ಮಗು ಎಂದು ತಿಳಿಸಿ. ಆ ಇನ್ನೊಬ್ಬ ತಾಯಿಯ ವಿಳಾಸವನ್ನೂ ಕೊಡಿ.

ಇಷ್ಟು ಬರೆಯುವಷ್ಟರಲ್ಲಿ ಇವಳು ಎದ್ದು ಅತ್ತಳು. ಯಜಮಾನರು ಎತ್ತಿದರೂ ನಿಲ್ಲಲಿಲ್ಲ, ಅತ್ತೆ ಎತ್ತಿದರೂ ನಿಲ್ಲಲಿಲ್ಲ. ನನ್ನ ಹೆಗಲಿಗೆ ಬಂದದ್ದೇ ತಡ, ಸುಮ್ಮನಾದಳು.

ವಿಳಾಸ ಬೇಡ. ಆಕೆ ಕೇಳಿದರೆ ನನ್ನದನ್ನೂ ಕೊಡಬೇಡಿ.

ಇಂತಿ,
ಇವಳ ಅಮ್ಮ