ಬೆರಳ ಗೆಣ್ಣು

ಅಮ್ಮಾ,

ನೀನು ಹೋಗಿ ವರ್ಷವಾಯಿತು. ಓದಲಾರೆಯೆಂಬ ಧೈರ್ಯದ ಮೇಲೇ ಬರೆಯುತ್ತಿದ್ದೇನೆ.

ಇವತ್ತು ಆಫೀಸಿಗೆ, ನಾವು ಮಾಡಿದ ಹೊಸ ಫೋನನ್ನು ಬಳಸಿ ನೋಡಲು ಒಬ್ಬ ಅಡುಗೆಯಾಕೆಯನ್ನು ಕರೆಸಿದ್ದೆವು. ಎಷ್ಟು ಒತ್ತಿದರೂ ಪರದೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಕೆ ಬೆರಳು ಮಡಚಿ ಗೆಣ್ಣಿನಿಂದ ತಟ್ಟಿದಳು, ತೆರೆಯಿತು.

"ಬಿಸಿ ಪಾತ್ರೆ ಹಿಡ್ದೂ ಹಿಡ್ದೂ ಬೆರಳ ತುದಿ ಜಡ್ಡುಗಟ್ಟಿದೆ ಕಣಮ್ಮ. ಹೀಗೆ ತಟ್ಟಿದ್ದು ತಪ್ಪಾಯ್ತಾ?"

ನನಗೆ ತಲೆಯೆತ್ತಲಾಗಲಿಲ್ಲ.

ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ ನಿನ್ನ ಬೆರಳೂ ಹಾಗೇ ಇತ್ತು. ನಿನ್ನ ಹೊಸ ಫೋನನ್ನು ನೀನು ಹೀಗೇ ತಟ್ಟಿದ ದಿನ ಗೆಳತಿಯರೆದುರು ನಾನು, "ಅದೇನು ಬಾಗಿಲಾ ಅಮ್ಮ, ಕುಟ್ಟೋಕೆ?" ಅಂದು ನಕ್ಕಿದ್ದೆ. ನೀನೂ ನಕ್ಕು ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡೆ.

ಆಮೇಲೆ ನೀನಾಗಿ ಒಂದು ಸಲವೂ ನನಗೆ ಫೋನ್ ಮಾಡಲಿಲ್ಲ. ನಿನಗೆ ಮುನಿಸು ಅಂದುಕೊಂಡು ನಾನೂ ಮಾಡಲಿಲ್ಲ.